ತೊಳೆಯದೆ ತಂದ ಗಾಡಿ

ಮಿಕ್ಸರ್ ಹಾಕುವ ಮೊದಲು ನನ್ನ ಹೆಂಡತಿ ನನಗೊಂದು ಮಾತು ಹೇಳಿಯೇ ಹಾಕುತ್ತಾಳೆ. "ಚಟ್ನಿ ರುಬ್ಬಾಕತ್ತೇನ್ರಿ, ಕೈಯಾಗ ಏನರ ಇದ್ರ ಕೆಳಗ ಇಡ್ರಿ." ಯಾವುದೇ ಮೋಟಾರಿನ ದನಿ ಏಕಾಏಕಿ ಏರಿದರೆ ನನ್ನ ಎಡಗೈ ಬೆರಳುಗಳು ಕ್ಲಚ್ ಹಿಡಿದಂತೆ ತಾವಾಗಿಯೇ ಮಡಚಿಕೊಳ್ಳುತ್ತವೆ. ಆಗ ಕೈಯಲ್ಲಿ ಪೇಪರ್ ಇದ್ದರೆ ಪೇಪರ್ ಮುದ್ದೆ, ಬಾಳೆಹಣ್ಣಿದ್ದರೆ ಬಾಳೆಹಣ್ಣು ಮುದ್ದೆ. ಒಮ್ಮೆ ಬಸ್ಸಿನಲ್ಲಿ ಡ್ರೈವರ್ ಗೇರ್ ತಪ್ಪಿಸಿದಾಗ ಪಕ್ಕದವರ ಮಂಡಿ ಹಿಡಿದುಬಿಟ್ಟಿದ್ದೆ. ಅವರು ಒಳ್ಳೆಯವರು, ಏನೂ ಅನ್ನಲಿಲ್ಲ. ಮುಂದಿನ ಸ್ಟಾಪಿನಲ್ಲಿ ಎದ್ದು ಬೇರೆ ಸೀಟಿಗೆ ಹೋದರು.

ಇದು ತಿಕೋಟಾದ ಒಂದು ತಿರುವಿನಲ್ಲಿ ನನಗೆ ಅಂಟಿದ ರೋಗ. ಅದರ ಕಥೆ ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ಆದರೆ ಅಲ್ಲಿಗೆ ಹೋಗುವ ಮುನ್ನ ನನ್ನ ಕೆಲಸ ಎಂಥದ್ದಿತ್ತು ಎಂದು ಸ್ವಲ್ಪ ಹೇಳಬೇಕು.

ವಿಜಯಪುರದ ಒಂದು ಮೋಟರ್‌ಸೈಕಲ್ ಸರ್ವಿಸ್ ಸೆಂಟರಿನಲ್ಲಿದ್ದು ಇತ್ತೀಚೆಗೆ ನಿವೃತ್ತನಾದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಬೇರೆ ನೌಕರಿ ಸಿಗುವವರೆಗೆ ಇರಲಿ ಎಂದು ಸೇರಿದವನು ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಏರಿದ್ದೂ ಅಷ್ಟರಲ್ಲೇ ಇದೆ. ಮೊದಲ ದಿನದಿಂದ ಕೊನೆಯ ದಿನದವರೆಗೆ ನನ್ನ ಕೆಲಸ ಬೆಳಿಗ್ಗೆ ಗಿರಾಕಿಯ ದೂರು ಕೇಳುವುದು, ಸಂಜೆ ರಿಪೇರಿಯಾದ ಗಾಡಿಯನ್ನು ಒಂದು ಸುತ್ತು ಹೊಡೆದು ನೋಡುವುದು. ಈಗ ಅಲ್ಲಿಗೆ ಸೇರುತ್ತಿರುವವರು ಡಿಪ್ಲೊಮಾ ಓದಿದ ಚುರುಕಾದ ಹುಡುಗ ಹುಡುಗಿಯರು. ಹೊಸ ಗಾಡಿಗೆ ಒಂದು ವಯರು ಚುಚ್ಚಿದರೆ ದೋಷ ಪರದೆಯ ಮೇಲೆ ಮೂಡುತ್ತದೆ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಕಾರ್ಬುರೇಟರಿನ ಹಳೆಯ ಗಾಡಿಗಳು ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿವೆ, ಅವುಗಳಲ್ಲಿ ವಯರು ಚುಚ್ಚಲು ಜಾಗವೇ ಇಲ್ಲ. ಅಂಥ ಗಾಡಿಯ ಮುಂದೆ ಕುಳಿತಾಗ ಈ ಬರಹ ಅವರಿಗೆ ನೆನಪಾದರೆ ಸಾಕು.

ದೂರು ಕೇಳುವುದೇ ಒಂದು ವಿದ್ಯೆ. ನಮ್ಮ ಜನ ಗಾಡಿಯ ಬಗ್ಗೆ ಮಾತಾಡುವಾಗ ಮನೆಯ ಮನುಷ್ಯನ ಬಗ್ಗೆ ಮಾತಾಡಿದಂತೆ ಮಾತಾಡುತ್ತಾರೆ. "ಮುಂಜಾನೆ ಎದ್ದಕೂಡ್ಲೆ ಕೆಮ್ಮತೈತ್ರಿ." "ಏರಿನ್ಯಾಗ ಬಿಕ್ಕತೈತಿ." "ಇತ್ತಿತ್ಲಾಗ ಮಾತ ಕೇಳವಲ್ತು." ನಮ್ಮ ವರ್ಕ್ಸ್ ಮ್ಯಾನೇಜರ್ ದೇಶಪಾಂಡೆ ಸಾಹೇಬರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಓಡಾಡುತ್ತಿದ್ದ ಶಿಸ್ತಿನ ಮನುಷ್ಯ. ಅವರು ನನಗೆ ಮೊದಲ ದಿನವೇ ಹೇಳಿದ್ದರು: "ಏ ಫಿಜಿಕ್ಸ್, ಗಿರಾಕಿ ಏನಂತಾನ ಅದನ್ನ ಹಂಗ ಬರಿ. ನಿನ್ನ ಶಾಣ್ಯಾತನ ಅದರಾಗ ಬೆರೆಸಬ್ಯಾಡ." ಕೊನೆಯವರೆಗೂ ಅವರು ನನ್ನನ್ನು ಫಿಜಿಕ್ಸ್ ಎಂದೇ ಕರೆದರು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ಈಗಲೂ ಅನುಮಾನ.

ಎಕ್ಸಲರೇಟರ್ ಮತ್ತು ಬ್ರೇಕು ಇವೆರಡರ ದೂರುಗಳನ್ನು ಮಾತ್ರ ಸಾಹೇಬರು ಸ್ವತಃ ಬಂದು ಕೇಳುತ್ತಿದ್ದರು. ಗಾಡಿ ಚಾಲೂ ಆಗದಿದ್ದರೆ ಮನುಷ್ಯ ಮನೆಯಲ್ಲೇ ಉಳಿಯುತ್ತಾನೆ. ಚಾಲೂ ಆದದ್ದು ನಿಲ್ಲದಿದ್ದರೆ ಎಲ್ಲಿಗೆ ಹೋಗುತ್ತಾನೆ ಎಂದು ಹೇಳಲಾಗದು.

ಕಾಖಂಡಕಿಯಿಂದ ಒಬ್ಬ ಮಾಸ್ತರರು ಬರುತ್ತಿದ್ದರು. ಅವರ ಗಾಡಿಯ ಹಿಂದಿನ ಬ್ರೇಕು ಹಿಡಿದಾಗಲೆಲ್ಲ ಕಿರ್ರೆನ್ನುತ್ತಿತ್ತು. ಶಾಲೆಯ ಅಂಗಳಕ್ಕೆ ಬರುವಾಗ ಮಕ್ಕಳು ಅದೇ ದನಿ ತೆಗೆದು ಅಣಕಿಸುತ್ತಿದ್ದರಂತೆ. ಒಂದು ದಿನ ಬಹಳ ಖುಷಿಯಿಂದ ಬಂದು ಗಾಡಿ ನಿಲ್ಲಿಸಿದರು. ನಿಲ್ಲಿಸಿದರು ಎನ್ನುವುದಕ್ಕಿಂತ ನಮ್ಮ ಗೇಟಿಗೆ ತಂದು ಆನಿಸಿದರು.

"ಸಪ್ಪಳ ನಾನ ಬಂದ್ ಮಾಡೀನ್ರಿ," ಎಂದರು.

"ಏನ ಮಾಡಿದ್ರಿ ಮಾಸ್ತರ?"

"ಕೊಬ್ರಿ ಎಣ್ಣಿ ಬಿಟ್ಟೆ. ಚಕ್ರದ ಒಳಗ ಒಂದ ವಾಟಿ. ಈಗ ಕೇಳ್ರಿ, ಒಟ್ಟ ಸಪ್ಪಳ ಇಲ್ಲ."

ದೇಶಪಾಂಡೆ ಸಾಹೇಬರು ಬಗ್ಗಿ ಚಕ್ರ ಮೂಸಿ ನೋಡಿದರು. "ಸಪ್ಪಳನೂ ಇಲ್ಲ, ಬ್ರೇಕೂ ಇಲ್ಲ. ಗಾಡಿಗೆ ತಲಿಸ್ನಾನ ಮಾಡಿಸೀರಿ ನೀವು," ಎಂದರು. ಬ್ರೇಕ್ ಶೂ ಡ್ರಮ್ಮನ್ನು ಉಜ್ಜಿಯೇ ನಿಲ್ಲಿಸಬೇಕು. ಎಣ್ಣೆ ಬಿದ್ದರೆ ಉಜ್ಜುವುದಿಲ್ಲ, ಜಾರುತ್ತದೆ. ಹೊಸ ಶೂ ಹಾಕಿ ಕಳಿಸಿದೆವು. ಮುಂದೆ ವರ್ಷಗಟ್ಟಲೆ ಮಾಸ್ತರರು ಬಂದಾಗಲೆಲ್ಲ ನಮ್ಮವರು, "ಎಣ್ಣಿ ತಂದೀರೇನ್ರಿ?" ಎಂದು ಕೇಳುತ್ತಿದ್ದರು. ಅವರೂ ನಗುತ್ತ, "ಈ ಸಲ ಸೀಗೆಕಾಯಿ," ಎನ್ನುತ್ತಿದ್ದರು.

ತಿಕೋಟಾ ಕಡೆಯ ಗಾಡಿಗಳ ತಾಪತ್ರಯ ಬೇರೆ. ಅಲ್ಲಿ ದ್ರಾಕ್ಷಿ ತೋಟಗಳು. ಬಳ್ಳಿಗೆ ಹೊಡೆಯುವ ಗಂಧಕದ ಪುಡಿ ಗಾಡಿಯ ಮೇಲೂ ಕೂರುತ್ತದೆ. ಎಕ್ಸಲರೇಟರಿನ ಕೇಬಲ್ ಎಂದರೆ ಕೊಳವೆಯೊಳಗೆ ಓಡಾಡುವ ಒಂದು ತಂತಿ. ಹಿಡಿಕೆ ತಿರುಗಿಸಿದರೆ ತಂತಿ ಎಳೆದು ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬಿಡುತ್ತದೆ. ಕೈ ಬಿಟ್ಟರೆ ಕಾರ್ಬುರೇಟರಿನ ಸ್ಪ್ರಿಂಗು ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಕೊಳವೆಗೆ ಪುಡಿ ಹೊಕ್ಕು ಮೇಲೆ ನೀರು ಬಿದ್ದರೆ ತಂತಿ ಒಳಗೇ ಅಂಟಿಕೊಂಡು ಕುಳಿತುಬಿಡುತ್ತದೆ. ಅಂಥ ಗಾಡಿ ಬಂದರೆ ಕೇಬಲ್ ಬದಲಿಸಿ, ಎಂಜಿನ್ ಚಾಲೂ ಇಟ್ಟು ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಕೇಳಬೇಕು. ಎಂಜಿನ್ನಿನ ದನಿ ಎರಡೂ ಕಡೆ ಒಂದೇ ಇರಬೇಕು. ಆಮೇಲೆ ಹಿಡಿಕೆ ತಿರುಗಿಸಿ ಕೈ ತೆಗೆದರೆ ಅದು ಟಪ್ಪನೆ ತನ್ನ ಜಾಗಕ್ಕೆ ಬರಬೇಕು. ಈ ಪರೀಕ್ಷೆಯನ್ನು ನಾನು ಎಷ್ಟು ಗಾಡಿಗಳ ಮೇಲೆ ಮಾಡಿದ್ದೇನೋ ಲೆಕ್ಕವಿಲ್ಲ. ಅದು ಸುಳ್ಳು ಹೇಳುತ್ತದೆ ಎಂದು ಮಾತ್ರ ಯಾರೂ ನನಗೆ ಹೇಳಿರಲಿಲ್ಲ.

ಸುಳ್ಳು ಹೇಗೆಂದರೆ, ನಮ್ಮ ಜನಕ್ಕೆ ಒಂದು ರೂಢಿಯಿದೆ. ಸರ್ವಿಸ್ಸಿಗೆ ಗಾಡಿ ತರುವ ಮುನ್ನ ತೊಳೆದು ತರುತ್ತಾರೆ. ಸರ್ವಿಸ್ಸಿನಲ್ಲಿ ನಾವೇ ತೊಳೆಯುತ್ತೇವೆ ಎಂದರೂ ಕೇಳುವುದಿಲ್ಲ. ಡಾಕ್ಟರ ಬಳಿ ಹೋಗುವಾಗ ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡು ಹೋಗುವುದಿಲ್ಲವೇ, ಹಾಗೆ. ನಿಡೋಣಿಯ ರೈತರೊಬ್ಬರನ್ನು ಕೇಳಿದರೆ, "ರಾಡಿ ಗಾಡಿ ತಂದ ನಿಲ್ಲಿಸಿದ್ರ ಮಂದಿ ಏನಂದಾರ್ರಿ? ಮನ್ಯಾಗ ನೀರಿಲ್ಲೇನಂತಾರ," ಎಂದಿದ್ದರು. ತೊಳೆಯುವುದಷ್ಟೇ ಅಲ್ಲ, ಹಾಲಿನ ಕ್ಯಾನಿನ ಕೊಕ್ಕೆ, ಮೇವು ಕಟ್ಟುವ ಹಗ್ಗ, ಹ್ಯಾಂಡಲ್ಲಿನ ಚೀಲ ಎಲ್ಲ ಬಿಚ್ಚಿಟ್ಟು ತರುತ್ತಿದ್ದರು. ಬಬಲೇಶ್ವರದ ಕೆಲವರು ಟೈರಿಗೆ ಕಪ್ಪು ಪಾಲಿಶ್ ಸಹ ಹಚ್ಚಿ ತರುತ್ತಿದ್ದರು. ನಮ್ಮ ಅಂಗಳ ಬೆಳಗಿನ ಹೊತ್ತು ವರಪರೀಕ್ಷೆಗೆ ಕುಳಿತ ಹುಡುಗರ ಸಾಲಿನಂತೆ ಕಾಣುತ್ತಿತ್ತು.

ಖಾರಿ ಬಂದೇನವಾಜರ ಗಾಡಿಯೂ ಹೀಗೇ ಬರುತ್ತಿತ್ತು. ಎಲ್ಲಕ್ಕಿಂತ ಸ್ವಚ್ಛವಾಗಿ.

ಬಂದೇನವಾಜ ನನ್ನ ವಯಸ್ಸಿನವರು. ಗಾಂಧಿ ಚೌಕದ ಹತ್ತಿರದ ಒಂದು ಬೇಕರಿಯಿಂದ ಖಾರಿ ಎಂಬ ಪದರುಪದರಿನ ಉಪ್ಪು ಬಿಸ್ಕತ್ತು, ಟೋಸ್ಟು, ಬಟರ್ ಬಿಸ್ಕತ್ತು ತುಂಬಿಕೊಂಡು ಹಳ್ಳಿಯ ಅಂಗಡಿಗಳಿಗೆ ಹಾಕುತ್ತಿದ್ದರು. ಒಂದು ದಿನ ತಿಕೋಟಾ ಕಡೆ, ಒಂದು ದಿನ ಬಬಲೇಶ್ವರ, ನಿಡೋಣಿ ಕಡೆ. ಹದಿಹರೆಯದಿಂದ ಅದೇ ದಂಧೆ. ಗಾಡಿಯೂ ಹಳೆಯದೇ, ಆದರೆ ಅದರ ಟ್ಯಾಂಕಿನಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದಿತ್ತು.

"ರೇಸ್ ತಾನ ಏರತೈತ್ರಿ," ಎಂದು ಮೊದಲ ಸಲ ಬಂದಾಗ ಹೇಳಿದರು. "ಒಮ್ಮೊಮ್ಮೆ ಬ್ರೇಕೂ ಹತ್ತಂಗಿಲ್ಲ. ಪೆಡಲ್ ಕಲ್ಲ ಆಗತೈತಿ."

"ಯಾವಾಗ?"

"ಮಧ್ಯಾಹ್ನದಾಗ. ತಿಕೋಟಾಕ್ಕ ಹೋದ ದಿನ. ಬಬಲೇಶ್ವರಕ್ಕ ಹೋದಾಗ ಏನೂ ಇಲ್ರಿ."

ನಾನು ಅದನ್ನು ಹಾಗೆಯೇ ಬರೆದೆ. ದೇಶಪಾಂಡೆ ಸಾಹೇಬರು ಓದಿ ಕನ್ನಡಕದ ಮೇಲಿಂದ ನೋಡಿದರು. "ತಿಕೋಟಾದಾಗ ಏನೈತ್ರಿ, ದೆವ್ವ?"

"ನನಗ ಗೊತ್ತಿದ್ರ ನಿಮ್ಮ ಕಡೆ ಯಾಕ ಬರತಿದ್ನಿ ಸಾಹೇಬ್ರ," ಎಂದರು ಬಂದೇನವಾಜ.

ಬಿಚ್ಚಿ ನೋಡಿದೆವು. ಕೇಬಲ್ ಸರಿ, ಸ್ಪ್ರಿಂಗು ಸರಿ, ಬ್ರೇಕ್ ಶೂ ಸರಿ. ನಾನು ಗಾಡಿ ಹೊಡೆದು ಬಂದೆ, ಬೆಣ್ಣೆಯಂತೆ ನಿಂತಿತು. ಮತ್ತೆ ಬಂದರು, ಮತ್ತೆ ಸರಿ. ಕೇಬಲ್ಲನ್ನೇ ಹೊಸದು ಹಾಕಿದೆವು. ಮತ್ತೆ ಬಂದರು. ಕೊನೆಗೆ ಸಾಹೇಬರು ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಊಟ ಆದಮ್ಯಾಲ ಕಣ್ಣ ಎಳೀತಾವೇನ್ರಿ? ನಮ್ಮ ವಯಸ್ಸಿನಾಗ ಕೈಗೆ ಗೊತ್ತಾಗದಂಗ ಹಿಡಿಕಿ ತಿರುಗಿರತೈತಿ. ಗಾಡಿ ಸರಿ ಐತಿ," ಎಂದರು. ಸಾಹೇಬರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅಂಥವೂ ನಡೆಯುತ್ತವೆ. ಬಂದೇನವಾಜ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮಾರನೆಯ ದಿನ ಅವರ ಮಗಳು ಮುಮ್ತಾಜ್ ಬಂದಳು. ಟೇಲರಿಂಗ್ ಅಂಗಡಿ ನಡೆಸುವ ಹೆಣ್ಣುಮಗಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಸರ್, ಖರೇ ಹೇಳ್ರಿ. ಗಾಡಿ ಕೆಟ್ಟೈತೋ, ನಮ್ಮ ಅಬ್ಬಾನ ಕೈ ಕೆಟ್ಟಾವೋ?"

"ಯಾಕವಾ?"

"ಹೋದ ವಾರ ಒಂದ ಆಕಳಿಗೆ ಹೋಗಿ ಹಾಯ್ತಿದ್ರಂತ, ಸ್ವಲ್ಪದ್ರಾಗ ಉಳಿದಾರ. ಕೈ ಕೆಟ್ಟಿದ್ರ ನಾಳಿಂದ ಗಾಡಿ ಬಂದ್. ನಾ ಕೀಲಿ ಕಸಗೊಂಡ ಇಡತೀನಿ. ಗಾಡಿ ಕೆಟ್ಟಿದ್ರ ನೀವು ಹುಡುಕಿ ಕೊಡ್ರಿ. ಮನ್ಯಾಗ ಕೂಡ್ರಿಸಿದ್ರ ಆ ಮನಷ್ಯಾ ಬದುಕಂಗಿಲ್ಲ. ಬದುಕಿದ್ರ ನಮ್ಮನ್ನ ಬದುಕಗೊಡಂಗಿಲ್ಲ."

ದೂರಿನ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಕೈ ಸೋತವನಿಗೆ ತಿಕೋಟಾ ಆದರೇನು, ಬಬಲೇಶ್ವರ ಆದರೇನು? ಎರಡು ಊರಿಗೂ ಒಂದೇ ಕೈ ಅಲ್ಲವೇ ಹೋಗುವುದು? ನನ್ನ ವಾರದ ರಜೆ ಬಂದಾಗ ಬಂದೇನವಾಜರಿಗೆ ಹೇಳಿದೆ, "ತಿಕೋಟಾಕ್ಕ ನಿಮ್ಮ ಹಿಂದ ನಾನೂ ಬರತೀನಿ. ನನ್ನ ಸ್ಕೂಟರ್ ಮ್ಯಾಲ."

ಬೆಳಿಗ್ಗೆ ಗಾಂಧಿ ಚೌಕದಲ್ಲಿ ಅವರ ಗಾಡಿಯನ್ನು ಮೊದಲ ಬಾರಿಗೆ ಕೆಲಸದ ವೇಷದಲ್ಲಿ ನೋಡಿದೆ. ಗುರುತೇ ಸಿಗಲಿಲ್ಲ. ಹಿಂದೆ ಎರಡೂ ಬದಿಗೆ ಕಬ್ಬಿಣದ ಚೌಕಟ್ಟು, ಅದರಲ್ಲಿ ಎರಡು ದೊಡ್ಡ ತಗಡಿನ ಡಬ್ಬಿಗಳು, ಸೀಟಿನ ಮೇಲೆ ಇನ್ನೊಂದು. ಬಲಗನ್ನಡಿಯ ಕಡ್ಡಿಗೆ ಒಂದು ಖಾಲಿ ಬಟ್ಟೆಯ ಚೀಲ ಜೋತುಬಿದ್ದಿತ್ತು.

"ನಮ್ಮ ಕಡೆ ಬರುವಾಗ ಇವೆಲ್ಲಾ ಎಲ್ಲಿಡತೀರಿ?" ಎಂದು ಕೇಳಿದೆ.

"ಬಿಚ್ಚಿ ಮನ್ಯಾಗ ಇಟ್ಟ ಬರತೀನಿ. ಇಷ್ಟ ಗಬಾಳ ತಗೊಂಡ ನಿಮ್ಮ ಅಂಗಳಕ್ಕ ಬರಾಕ ಬರತೈತೇನ್ರಿ?" ಎಂದರು. ಆಮೇಲೆ ಸ್ವಲ್ಪ ನಾಚಿ, "ಇವತ್ತೂ ತೊಳದೀನಿ. ನೀವು ಹಿಂದಿಂದ ನೋಡ್ತೀರಂತ ಹಿಂದಿನ ಮಡ್‌ಗಾರ್ಡ್ ಚೊಲೋ ತಿಕ್ಕೀನಿ," ಎಂದರು.

ತಿಕೋಟಾದವರೆಗೆ ಏನೂ ಆಗಲಿಲ್ಲ. ಮನುಷ್ಯ ಎಷ್ಟು ಚೆನ್ನಾಗಿ ಗಾಡಿ ಹೊಡೆಯುತ್ತಾರೆಂದರೆ, ಹಿಂದೆ ಹೋಗುತ್ತಿದ್ದ ನನಗೆ ನಿದ್ದೆ ಬರುವಂತಿತ್ತು. ಅಂಗಡಿ ಅಂಗಡಿಗೂ ನಿಂತರು, ಮಾಲು ಇಳಿಸಿದರು. ಪ್ರತಿ ಅಂಗಡಿಯವನೂ ಒಂದಿಷ್ಟು ಹಳೆಯ ಟೋಸ್ಟನ್ನು ವಾಪಸು ಕೊಟ್ಟ. ಮಾರಾಟವಾಗದ್ದನ್ನು ತಿರುಗಿ ತೆಗೆದುಕೊಳ್ಳಬೇಕು, ತಿಕೋಟಾದ ಅಂಗಡಿಗಳ ಪದ್ಧತಿ ಹಾಗೆ. ಬಂದೇನವಾಜ ಅದನ್ನೆಲ್ಲ ಮುಂದಿನ ಚೀಲಕ್ಕೆ ಹಾಕಿಕೊಂಡರು.

"ಬಬಲೇಶ್ವರದಾಗೂ ವಾಪಸ್ ಕೊಡತಾರೇನ್ರಿ?"

"ಅಲ್ಲಿ ಒಂದ ಚೂರ ಉಳಿಯಂಗಿಲ್ಲ. ನಿಡೋಣಿ ಮಂದಿ ಪುಡಿನೂ ಚಾದಾಗ ಹಾಕ್ಕೊಂಡ ಕುಡೀತಾರ."

ಆ ಮಾತು ಕೇಳಿ ನಾನೂ ನಕ್ಕೆ. ತಲೆಯಲ್ಲಿ ಗಂಟೆ ಬಾರಿಸಬೇಕಿತ್ತು, ಬಾರಿಸಲಿಲ್ಲ. ಊಟದ ಹೊತ್ತಿಗೆ ಚೀಲ ಬಸುರಿಯ ಹೊಟ್ಟೆಯಂತಾಗಿತ್ತು. ಎರಡೂ ಬದಿಯ ಡಬ್ಬಿಗಳು ಖಾಲಿಯಾಗಿದ್ದವು, ಸೀಟಿನ ಮೇಲಿನದರಲ್ಲಿ ಮಾತ್ರ ಸ್ವಲ್ಪ ಖಾರಿ ಉಳಿದಿತ್ತು. ಆದರೆ ಬೇಕರಿಯವರಿಗೆ ಬೇಕೆಂದು ಬಂದೇನವಾಜ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಕೊಂಡು ಬಲಗಡೆಯ ಡಬ್ಬಿಗೆ ಇಳಿಸಿದರು. ಖಾರಿ ಹಗುರ, ಒಣದ್ರಾಕ್ಷಿ ಭಾರ. ಗಾಡಿ ಬಲಕ್ಕೆ ಸ್ವಲ್ಪ ಕುಗ್ಗಿ ಕುಳಿತದ್ದನ್ನು ನಾನು ಕಂಡೆ.

ಸಂತೆ ಬೀದಿಯಿಂದ ದೊಡ್ಡ ರಸ್ತೆಗೆ ಎಡಕ್ಕೆ ತಿರುಗಬೇಕು. ತಿರುವಿನ ಎದುರು ಬದಿಗೆ, ರಸ್ತೆಯಾಚೆ ಒಂದು ಹರಿದ ಛತ್ರಿಯ ಕೆಳಗೆ ಸಾತವ್ವ ಎಂಬ ಮುದುಕಿ ಬಾರೆಹಣ್ಣು ಮಾರುತ್ತ ಕೂತಿದ್ದಳು. ಅವಳ ಪಕ್ಕದಲ್ಲಿ ದ್ರಾಕ್ಷಿಯ ಖಾಲಿ ಪ್ಲಾಸ್ಟಿಕ್ ಕ್ರೇಟುಗಳ ಗುಡ್ಡೆ. ನಾನು ಬಂದೇನವಾಜರ ಹಿಂದೆಯೇ ಇದ್ದೆ. ಅವರು ಹ್ಯಾಂಡಲ್ ಎಡಕ್ಕೆ ತಿರುಗಿಸಿದರು.

ಎಂಜಿನ್ ಕೂಗಿತು.

ಇನ್ನು ಮುಂದಿನದು ನನ್ನ ತಲೆಯಲ್ಲಿ ಈಗಲೂ ಬಹಳ ನಿಧಾನವಾಗಿ ನಡೆಯುತ್ತದೆ, ನಡೆದಾಗ ಕಣ್ಣು ಮಿಟುಕಿಸುವಷ್ಟೇ ಹೊತ್ತು ಆಗಿದ್ದಿರಬೇಕು. ಗಾಡಿ ತಿರುಗುವ ಬದಲು ಮುಂದಕ್ಕೆ ಹಾರಿತು. ಅವರ ಬಲಗೈಯನ್ನು ನಾನು ಸ್ಪಷ್ಟವಾಗಿ ಕಂಡೆ. ಹಿಡಿಕೆಯ ಮೇಲೆ ಬೆರಳುಗಳೇ ಇರಲಿಲ್ಲ, ಅಂಗೈ ಪೂರ್ತಿ ತೆರೆದಿತ್ತು. ಬಲಗಾಲು ಬ್ರೇಕ್ ಪೆಡಲನ್ನು ತುಳಿಯುತ್ತಿತ್ತು. ಮತ್ತೆ ಮತ್ತೆ, ಮೈಯ ಭಾರವನ್ನೆಲ್ಲ ಹಾಕಿ. ಹಿಂದಿನ ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಎದುರಿಗೆ ಸಾತವ್ವ ಬಾರೆಹಣ್ಣು ಅಳೆಯುವ ಸೇರನ್ನು ಹಿಡಿದ ಕೈ ಎತ್ತಿ ಹಾಗೇ ಕೂತಿದ್ದಳು.

"ಕ್ಲಚ್ ಹಿಡಿ" ಎಂದು ನಾನು ಕೂಗಿದೆ. ಆ ದನಿ ನನ್ನದೆಂದು ನನಗೆ ಅನ್ನಿಸಲಿಲ್ಲ. ಕೂಗಿದಾಗ ನನ್ನ ಎಡಗೈಯೂ ನನ್ನ ಸ್ಕೂಟರಿನ ಹಿಡಿಕೆಯನ್ನು ಹಿಸುಕುತ್ತಿತ್ತು, ಇಲ್ಲಿ ಹಿಡಿದರೆ ಅಲ್ಲಿ ನಿಲ್ಲುತ್ತದೆ ಎಂಬಂತೆ.

ಬಂದೇನವಾಜ ಕ್ಲಚ್ ಹಿಡಿದರು. ಎಂಜಿನ್ ಇನ್ನೂ ಜೋರಾಗಿ ಕಿರುಚಿತು, ಆದರೆ ಗಾಡಿಯ ಬಲ ಹೋಯಿತು. ಬಲಗೈಯಿಂದ ಮುಂದಿನ ಬ್ರೇಕ್ ಹಿಡಿದು ಮುದುಕಿಯನ್ನು ತಪ್ಪಿಸಿ ಕ್ರೇಟುಗಳ ಗುಡ್ಡೆಗೆ ಹೊಕ್ಕರು. ಕ್ರೇಟುಗಳು ಆಕಾಶಕ್ಕೆ, ಛತ್ರಿ ರಸ್ತೆಗೆ, ಉಳಿದ ಖಾರಿಯೆಲ್ಲ ಊರಿಗೆ. ಮುಂದಿನ ಚಕ್ರ ಸಾತವ್ವಳ ಬುಟ್ಟಿಗೆ ತಾಗಿ ನಿಂತಿತ್ತು. ನಾನು ಓಡಿ ಹೋಗಿ ಕೀಲಿ ತಿರುಗಿಸಿದೆ. ಆ ನಿಶ್ಶಬ್ದದಲ್ಲಿ ಒಂದು ಬಾರೆಹಣ್ಣು ಉರುಳುವುದು ಕೇಳಿಸಿತು.

ಬಂದೇನವಾಜ ಕ್ರೇಟುಗಳ ನಡುವಿನಿಂದ ಎದ್ದರು. ಪೈಜಾಮದ ಮಂಡಿ ಹರಿದು ರಕ್ತ ಬರುತ್ತಿತ್ತು. ಮುಖದ ತುಂಬ ನಗು.

"ನೋಡಿದ್ರೇನ್ರಿ? ಕೈ ಬಿಟ್ಟಿದ್ನಿ. ನೀವ ನೋಡಿದ್ರಲ್ಲ, ನಾ ಕೈ ಬಿಟ್ಟಿದ್ನಿ?"

"ನೋಡಿದೆ," ಎಂದೆ.

"ಮುಮ್ತಾಜಗ ಹೇಳ್ರಿ ಮತ್ತ. ನಿಮ್ಮ ಬಾಯಿಲೆ ಹೇಳ್ರಿ."

ಸಾತವ್ವ ತಲೆಯ ಮೇಲಿನ ಖಾರಿಯ ಪುಡಿಯನ್ನು ಸೆರಗಿನಿಂದ ಝಾಡಿಸಿಕೊಂಡಳು. "ಯಪ್ಪಾ, ಖಾರಿ ಕೊಡೂದಿದ್ರ ಕೈಯಾಗ ಕೊಡಬೇಕ. ಹಿಂಗ ಮೈಮ್ಯಾಲ ಒಗೀತಾರೇನ?" ಎಂದಳು. ಆಮೇಲೆ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕೂತಳು.

ಅಷ್ಟರಲ್ಲಿ ಮಂದಿ ಸೇರಿದರು. ನಮ್ಮ ಕಡೆಯ ಮಂದಿ ಒಳ್ಳೆಯವರು, ಅದೇ ಕಷ್ಟ. ಒಬ್ಬ ಗಾಡಿ ಎತ್ತಲು ಬಂದ, ಇನ್ನೊಬ್ಬ ಚೀಲ ಬಿಚ್ಚಲು ಕೈಹಾಕಿದ, ಚಹದಂಗಡಿಯವನು ಕೊಡ ತುಂಬ ನೀರು ತಂದು, "ಸರೀರಿ, ಗಾಡಿ ತೊಳದ ಕೊಡೂನು," ಎಂದ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಗಾಡಿ ಮತ್ತೆ ಮದುಮಗನಾಗಿ ನಿಲ್ಲುತ್ತಿತ್ತು, ದೋಷ ಮತ್ತೆ ಮಾಯವಾಗುತ್ತಿತ್ತು. ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ.

"ಯಾರೂ ಮುಟ್ಟಬ್ಯಾಡ್ರಿ. ನೀರ ಹಾಕಬ್ಯಾಡ್ರಿ. ಹೆಂಗೈತಿ ಹಂಗ ಇರಲಿ."

"ಗಾಡಿಗೂ ಪಂಚನಾಮಿ ಮಾಡತೀಯೇನಪಾ?" ಎಂದಳು ಸಾತವ್ವ.

ಹಾಗೆಯೇ ಮಾಡಿದೆ. ರಸ್ತೆಯಲ್ಲಿ ಮಂಡಿಯೂರಿ ಕುಳಿತು ಮುಂದಿನಿಂದ ನೋಡುತ್ತ ಬಂದೆ. ಚೀಲದ ಹಿಡಿಕೆ ಕನ್ನಡಿಯ ಕಡ್ಡಿಗೆ ಸಿಕ್ಕಿಸುವಾಗ ಎಕ್ಸಲರೇಟರಿನ ಕೇಬಲ್ಲಿನ ಮೇಲಿಂದಲೇ ಹಾದುಹೋಗಿತ್ತು. ಚೀಲ ಖಾಲಿಯಿದ್ದಾಗ ಅಡ್ಡಿಯಿಲ್ಲ. ತಿಕೋಟಾದ ಹಳೆಯ ಟೋಸ್ಟು ತುಂಬಿದ ಮೇಲೆ ಅದರ ಭಾರ ಕೇಬಲ್ಲನ್ನು ಕೆಳಕ್ಕೆ ಜಗ್ಗಿ ಬಿಗಿ ಮಾಡಿತ್ತು. ಆಗ ಹ್ಯಾಂಡಲ್ ಎಡಕ್ಕೆ ತಿರುಗಿದರೆ ಸಾಕು, ಯಾರೂ ಮುಟ್ಟದೆ ತಂತಿ ಎಳೆದುಕೊಳ್ಳುತ್ತಿತ್ತು. ಹಿಂದಕ್ಕೆ ಹೋಗಿ ಮೂರ್ನಾಲ್ಕು ಜನರಿಂದ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿಸಿದೆ. ಒಣದ್ರಾಕ್ಷಿಯ ಭಾರಕ್ಕೆ ಬಲಗಡೆಯ ಚೌಕಟ್ಟು ಜಗ್ಗಿ, ಅದರ ಕೆಳಗಿನ ಪಟ್ಟಿ ಚಕ್ರದ ಪಕ್ಕದ ಬ್ರೇಕಿನ ತೋಳಿಗೆ ಅಡ್ಡ ಬಂದಿತ್ತು. ಪೆಡಲ್ ತುಳಿದರೆ ತೋಳು ಮುಂದಕ್ಕೆ ಬರಬೇಕು, ಬಂದು ಪಟ್ಟಿಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ಕಾಲಿಗೆ ಪೆಡಲ್ ಕಲ್ಲು, ಚಕ್ರಕ್ಕೆ ಬ್ರೇಕಿಲ್ಲ. ಆ ಮನುಷ್ಯ ಮೊದಲ ದಿನ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು.

ಇವೆರಡೂ ನಮ್ಮ ಅಂಗಳದಲ್ಲಿ ಕಾಣಲು ಸಾಧ್ಯವೇ ಇರಲಿಲ್ಲ. ಚೀಲ, ಡಬ್ಬಿ, ಚೌಕಟ್ಟು, ಎಲ್ಲವನ್ನೂ ಮರ್ಯಾದೆಗೆ ಅಂಜಿ ಮನೆಯಲ್ಲಿ ಬಿಚ್ಚಿಟ್ಟು ಬರುತ್ತಿದ್ದರಲ್ಲ.

ಚೀಲ ಬಿಚ್ಚಿ, ಒಣದ್ರಾಕ್ಷಿಯನ್ನು ನನ್ನ ಸ್ಕೂಟರಿಗೆ ಹಾಕಿಕೊಂಡು ವಿಜಯಪುರಕ್ಕೆ ಮೆಲ್ಲಗೆ ಬಂದೆವು. ಹೊರಡುವಾಗ ಸಾತವ್ವ ಬಂದೇನವಾಜರ ಕೈಗೆ ಒಂದು ಬೊಗಸೆ ಬಾರೆಹಣ್ಣು ಹಾಕಿ, "ಮುಂದಿನ ಸಲ ನಡಕೋಂತ ಬಾ," ಎಂದಳು.

ಮಾರನೆಯ ದಿನ ನಾನು ಹಟ ಹಿಡಿದು ಅದೇ ಚೀಲ, ಅದೇ ಡಬ್ಬಿ, ಅದೇ ಭಾರದೊಂದಿಗೆ, ಧೂಳೂ ಒರೆಸಗೊಡದೆ ಗಾಡಿಯನ್ನು ತಳ್ಳಿಸಿಕೊಂಡು ಸರ್ವಿಸ್ ಸೆಂಟರಿಗೆ ತರಿಸಿದೆ. ಬಂದೇನವಾಜ ಗೇಟಿನ ಹೊರಗೇ ನಿಂತು, "ಒಳಗ ತರಾಕ ಹೆಂಗೋ ಆಗತೈತ್ರಿ," ಎಂದು ಗೋಗರೆದರು. ಮುಮ್ತಾಜಳೂ ಬಂದಿದ್ದಳು. ದೇಶಪಾಂಡೆ ಸಾಹೇಬರಿಗೆ ನಾನು ಏನನ್ನೂ ವಿವರಿಸಲಿಲ್ಲ. "ಸೆಂಟರ್ ಸ್ಟ್ಯಾಂಡ್ ಹಾಕೀನಿ. ಚಾಲೂ ಮಾಡಿ ಎಡಕ್ಕ ತಿರುಗಿಸ್ರಿ ಸಾಹೇಬ್ರ," ಎಂದೆ ಅಷ್ಟೆ.

ತಿರುಗಿಸಿದರು. ಎಂಜಿನ್ ಕಿರುಚಿದ ರಭಸಕ್ಕೆ ಅವರ ಕನ್ನಡಕ ಮೂಗಿನ ತುದಿಯಿಂದ ಜಾರಿ ಟ್ಯಾಂಕಿನ ಮೇಲೆ ಬಿತ್ತು. ಕೀಲಿ ಬಂದ್ ಮಾಡಿ, ಕನ್ನಡಕ ಒರೆಸಿಕೊಂಡು ಹಾಕಿಕೊಂಡು, ಬಂದೇನವಾಜರ ಮುಂದೆ ಹೋಗಿ ನಿಂತರು.

"ನಿಮ್ಮ ಕೈ ನನ್ನ ಕೈಕಿಂತ ಚೊಲೋ ಅದಾವ್ರಿ," ಎಂದರು.

ಮುಮ್ತಾಜ್ ಅಪ್ಪನ ಬಲಗೈಯನ್ನು ಹಿಡಿದುಕೊಂಡು ಒಮ್ಮೆ ಮಗುಚಿ ನೋಡಿದಳು, ಅಂಗಡಿಯಲ್ಲಿ ಬಟ್ಟೆ ನೋಡುವಂತೆ. "ಕೈ ಚೊಲೋ ಅದಾವಂದ್ರ ಇನ್ನ ನಾ ಏನ ಮಾಡಾಕ ಬರಂಗಿಲ್ಲ. ಹೋಗ್ರಿ, ತಿರಗ್ರಿ," ಎಂದಳು. ಮುಖ ಆ ಕಡೆ ಮಾಡಿ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

ಕೇಬಲ್ಲನ್ನು ಬೇರೆ ದಾರಿಯಲ್ಲಿ ಕಟ್ಟಿದೆವು. ಚೌಕಟ್ಟನ್ನು ಮೇಲಕ್ಕೆತ್ತಿ ಅಡ್ಡಪಟ್ಟಿ ಬೆಸೆಸಿದೆವು. ಚೀಲಕ್ಕೆ ಸೀಟಿನ ಹಿಂದೆ ಒಂದು ಕೊಕ್ಕೆ ಹಾಕಿಕೊಟ್ಟೆವು. ಅದೇ ವಾರ ಸಾಹೇಬರು ಗೇಟಿಗೆ ಫಲಕ ಬರೆಸಿದರು: ಗಾಡಿ ತೊಳೆಯಬೇಡಿ, ಸಾಮಾನು ಬಿಚ್ಚಬೇಡಿ, ದಿನಾ ಹೇಗೆ ಓಡಿಸುತ್ತೀರೋ ಹಾಗೇ ತನ್ನಿ. ಜನ ಓದಿ ನಕ್ಕರು. ಬಹಳ ದಿನ ಕೇಳಲಿಲ್ಲ. ಕಾಖಂಡಕಿಯ ಮಾಸ್ತರರಂತೂ, "ಇದು ನನಗ ಹೇಳಿದ್ದೇನ್ರಿ?" ಎಂದು ಸಿಟ್ಟಾದರು. ಆಮೇಲೆ ಮೆಲ್ಲಗೆ ಹಾಲಿನ ಕ್ಯಾನಿನ ಸಮೇತ, ಮೇವಿನ ಹೊರೆಯ ಸಮೇತ, ಸ್ಪ್ರೇ ಪಂಪಿನ ಸಮೇತ ಗಾಡಿಗಳು ಬರತೊಡಗಿದವು. ಒಬ್ಬರು ಆಡಿನ ಸಮೇತ ಬಂದಿದ್ದರು. ಆಡು ನಮ್ಮ ಅಂಗಳದ ತುಳಸಿ ತಿಂದಿತು, ಆದರೆ ಅವರ ಬ್ರೇಕಿನ ಕಾಯಿಲೆ ನಿಮಿಷದಲ್ಲಿ ಸಿಕ್ಕಿತು. ಆಡು ಕಟ್ಟಿದ ಹಗ್ಗವೇ ಪೆಡಲಿನ ಕೆಳಗಿತ್ತು.

ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟೇ. ಗಾಡಿ ಎಲ್ಲಿ ಕೆಡುತ್ತದೋ ಅಲ್ಲಿಗೆ, ಅದು ಕೆಡುವ ಹೊತ್ತಿಗೆ, ಅದರ ಭಾರದ ಸಮೇತ ನೋಡಿ. ದೋಷ ಕಾಣದಿದ್ದರೆ ದೋಷವಿಲ್ಲ ಎಂದು ಬರೆಯಬೇಡಿ, ನನಗೆ ಕಾಣಲಿಲ್ಲ ಎಂದು ಬರೆಯಿರಿ. ಮತ್ತೆ, ಎಕ್ಸಲರೇಟರ್ ಸಿಕ್ಕಿಕೊಂಡರೆ ಮೊದಲು ಕ್ಲಚ್ ಹಿಡಿಯಬೇಕು, ಆಮೇಲೆ ಬ್ರೇಕು, ಆಮೇಲೆ ಕೀಲಿ ಎಂದು ಪ್ರತಿ ಗಿರಾಕಿಗೂ ಗಾಡಿ ಕೊಡುವಾಗ ಬಾಯಿಬಿಟ್ಟು ಹೇಳಿ. ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ, ಯಾರಾದರೂ ಕೂಗಬೇಕಾಗುತ್ತದೆ.

ಬಂದೇನವಾಜ ಈಗಲೂ ಅದೇ ಗಾಡಿಯಲ್ಲಿ ತಿಕೋಟಾಕ್ಕೆ ಹೋಗುತ್ತಾರೆ. ಸಾತವ್ವ ಅವರನ್ನು ಕಂಡಕೂಡಲೆ ಬುಟ್ಟಿ ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾಳಂತೆ. ಮರಳುವಾಗ ಆಗಾಗ ನಮ್ಮ ಮನೆಯ ಮುಂದೆ ನಿಲ್ಲಿಸುತ್ತಾರೆ. ಮೊನ್ನೆಯೂ ಬಂದಿದ್ದರು, ಮೈತುಂಬ ಧೂಳು, ಗಾಡಿ ತುಂಬ ಸಾಮಾನು. ನನಗೊಂದು, ನನ್ನ ಹೆಂಡತಿಗೊಂದು ಖಾರಿ ಕೊಟ್ಟು ಗಾಡಿ ಚಾಲೂ ಮಾಡಿದರು. ಹೊರಡುವ ಮುನ್ನ ನನಗೆ ತೋರಿಸಲೆಂದೇ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರು, ಪೂರ್ತಿ ಬಲಕ್ಕೆ ತಿರುಗಿಸಿದರು. ದನಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆಮೇಲೆ ಹಿಡಿಕೆ ತಿರುಗಿಸಿ ಎಂಜಿನ್ ಏರಿಸಿ, ಕೈ ಎತ್ತಿ ನನ್ನ ಮುಖದ ಮುಂದೆ ಬಿಚ್ಚಿ ಹಿಡಿದರು. ಟಪ್ಪನೆ ಇಳಿಯಿತು.

"ಹೆಂಗೈತ್ರಿ?" ಎಂದರು.

"ಗಾಡಿ ಸರಿ ಐತಿ," ಎಂದೆ.

ಅವರು ನನ್ನ ಎಡಗೈಯನ್ನು ನೋಡುತ್ತಿದ್ದರು. ನಾನೂ ನೋಡಿಕೊಂಡೆ. ಮುಷ್ಟಿ ಗಟ್ಟಿಯಾಗಿ ಬಿಗಿದಿತ್ತು, ಬೆರಳ ಸಂದಿಯಿಂದ ಖಾರಿಯ ಪುಡಿ ನನ್ನ ಪಾದದ ಮೇಲೆ ಉದುರುತ್ತಿತ್ತು.

ಬಂದೇನವಾಜ ಡಬ್ಬಿಯ ಮುಚ್ಚಳ ತೆಗೆದು ಇನ್ನೊಂದು ಖಾರಿ ಹೊರತೆಗೆದರು. "ತಗೋರಿ," ಎಂದರು. "ಇದನ್ನ ಬಲಗೈಯಾಗ ಹಿಡಕೋರಿ."